ಸೊಂಟದಲ್ಲಿ ಮುಕ್ಕಾಲು ಕಿಲೋ: ಹೋಲ್‌ಸ್ಟರ್ ಆರಿಸೋದು ಹೇಗೆ?

ದೀಪಾವಳಿ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಕೆರೆಬಿಳಚಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಸೂಳೆಕೆರೆ ನೋಡೋದು, ಅಡಿಕೆ ಸುಲಿಯೋ ಕಡೆ ಕೂತು ಹರಟೆ ಹೊಡೆಯೋದು, ಚೆನ್ನಾಗಿ ತಿಂದು ವಾಪಸ್ ಬರೋದು. ಇಷ್ಟೇ ನಮ್ಮ ಪ್ಲಾನ್ ಇದ್ದದ್ದು.

ಎರಡನೇ ದಿನ ಮಧ್ಯಾಹ್ನ ಗೆಳೆಯನ ದೊಡ್ಡಪ್ಪ ಚನ್ನಗಿರಿಯಿಂದ ಅಡಿಕೆ ದುಡ್ಡು ತಗೊಂಡು ಬಂದ್ರು. ಅವರು ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಕೈಕಾಲು ತೊಳ್ಕೊಂಡು ಊಟಕ್ಕೆ ಅಂತ ನೆಲದ ಮೇಲೆ ಕೂರೋಕೆ ಬಗ್ಗಿದ್ದೇ ತಡ, ಶರ್ಟಿನ ಅಡಿಯಿಂದ ಏನೋ ಜಾರಿ ಠಣ್ ಅಂತ ಬಿತ್ತು. ರಿವಾಲ್ವರ್. ಎದುರಿಗೆ ಕೂತಿದ್ದ ಆರು ವರ್ಷದ ಮೊಮ್ಮಗಳು ಆಟದ ಸಾಮಾನು ಅನ್ಕೊಂಡು ಕೈ ಚಾಚಿದಳು. ದೊಡ್ಡಪ್ಪನ ಕೈ ಮೊದಲು ಹೋಯ್ತು. ಗುಂಡು ಹಾರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದ್ರೆ ಅವತ್ತು ಆ ಮನೇಲಿ ಯಾರಿಗೂ ಊಟ ಸೇರಲಿಲ್ಲ.

"ನಾಳೇನೇ ಹೋಗಿ ಇದನ್ನ ಠಾಣೇಲಿ ಕೊಟ್ಟು ಬನ್ರಿ" ಅಂದ್ರು ದೊಡ್ಡಮ್ಮ. ದೊಡ್ಡಪ್ಪ ತಲೆ ತಗ್ಗಿಸಿ, "ಹೋಲ್‌ಸ್ಟರ್ ಇತ್ತು ಕಣೇ. ಕೂತ್ರೆ ಪಕ್ಕೆಗೆ ಚುಚ್ಚುತ್ತೆ ಅಂತ ಬಿಚ್ಚಿಟ್ಟಿದ್ದೆ" ಅಂದ್ರು.

ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ. ಲೈಸೆನ್ಸ್ ಇರೋ ಮನುಷ್ಯ, ತರಬೇತಿ ಇರೋ ಮನುಷ್ಯ, ಹೋಲ್‌ಸ್ಟರ್ ಕೂಡ ಇರೋ ಮನುಷ್ಯ. ಆದ್ರೂ ಗನ್ನು ನೆಲಕ್ಕೆ ಬಿತ್ತು, ಯಾಕಂದ್ರೆ ಹೋಲ್‌ಸ್ಟರ್ ಚುಚ್ಚುತ್ತಿತ್ತು. ಹಿತವಾಗಿರೋದು ಅಂದ್ರೆ ಶೋಕಿ ಅಂತ ನಾವು ಅನ್ಕೊಂಡಿದ್ವಿ. ಇಲ್ಲಿ ಅದೇ ಸುರಕ್ಷತೆ. ಚುಚ್ಚೋ ಹೆಲ್ಮೆಟ್ ಹೇಗೆ ಬೈಕಿನ ಕನ್ನಡಿಗೆ ನೇತಾಡುತ್ತೋ, ಚುಚ್ಚೋ ಹೋಲ್‌ಸ್ಟರ್ ಹಾಗೇ ಬೀರುವಿಗೆ ಸೇರುತ್ತೆ.

ಮೊದಲು ಕಾನೂನು

ಇದನ್ನ ಓದಿ ಯಾರೂ ಗನ್ನು ಕೊಳ್ಳೋಕೆ ಹೊರಡಬೇಡಿ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ಇಟ್ಕೊಳ್ಳೋದು ಹಕ್ಕಲ್ಲ, ಅನುಮತಿ. 21 ವರ್ಷ ತುಂಬಿರಬೇಕು, ಯಾಕೆ ಬೇಕು ಅನ್ನೋದಕ್ಕೆ ಸರಿಯಾದ ಕಾರಣ ಇರಬೇಕು, ಪೊಲೀಸ್ ವರದಿ ಬರಬೇಕು. ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡೋದು ಜಿಲ್ಲಾಧಿಕಾರಿ. ಹಳ್ಳಿ ಕಡೆ ಕೋವಿ ಅಂದ್ರೆ ಸಾಮಾನ್ಯವಾಗಿ ಹಂದಿ, ಕೋತಿ ಕಾಟಕ್ಕೆ ಬೆಳೆ ರಕ್ಷಣೆ ಅಂತ ಪಡೆದ ಉದ್ದ ನಳಿಗೆಯದ್ದು. ಸೊಂಟದಲ್ಲಿ ಇಡೋ ಚಿಕ್ಕ ಗನ್ನು ಇರೋರು ಕಡಿಮೆ. ಇದ್ದವರ ಹತ್ರ ಹೆಚ್ಚಾಗಿ ಇರೋದು ಪಾಯಿಂಟ್ 32 ಬೋರಿನದ್ದು. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಕೊಳ್ಳೋ ಹಾಗಿಲ್ಲ, ಲೈಸೆನ್ಸ್ ಅವಧಿ ಐದು ವರ್ಷ. ಚುನಾವಣೆ ಬಂತು ಅಂದ್ರೆ ಠಾಣೆಗೆ ಜಮಾ ಮಾಡು ಅಂತ ಕರೆ ಬರುತ್ತೆ.

ನಮಗೆ ಗೊತ್ತಿಲ್ಲದೇ ಇದ್ದ ವಿಷಯ ಇನ್ನೊಂದು. ಅಮೆರಿಕದ ಸಿನಿಮಾ ನೋಡಿ, ಮುಚ್ಚಿ ಒಯ್ಯೋದು ಅಂದ್ರೆ ಏನೋ ಗುಟ್ಟಿನ ವ್ಯವಹಾರ ಅನ್ಸುತ್ತೆ. ನಮ್ಮಲ್ಲಿ ಉಲ್ಟಾ. 2016ರ ಆಯುಧ ನಿಯಮಗಳು ಹೇಳೋದೇ ಇದು: ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯೋದಾದ್ರೆ ಅದಕ್ಕೇ ಮಾಡಿದ ಹೋಲ್‌ಸ್ಟರಿನಲ್ಲಿ ಮೈಗೆ ಕಟ್ಕೊಂಡಿರಬೇಕು ಅಥವಾ ಅಂಥದ್ದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿ ಇರಬೇಕು. ತೋರಿಸ್ಕೊಂಡು ಓಡಾಡೋದು, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹೊಡೆಯೋದು ಎರಡೂ ನಿಷಿದ್ಧ. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದ್ರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂದ್ರೆ ದೊಡ್ಡಪ್ಪ ಪ್ಯಾಂಟಿನ ಸೊಂಟಕ್ಕೆ ಸುಮ್ಮನೆ ಸಿಗಿಸ್ಕೊಂಡಿದ್ದು ಅಪಾಯ ಮಾತ್ರ ಅಲ್ಲ, ನಿಯಮಕ್ಕೂ ವಿರುದ್ಧ.

ನಮ್ಮ ಹಿರಿಯರ ಡಿಸೈನು

ಸೊಂಟಕ್ಕೆ ಹರಿತವಾದದ್ದೊಂದನ್ನ ಕಟ್ಕೊಂಡು ಇಡೀ ದಿನ ಕೆಲಸ ಮಾಡೋದು ಹೇಗೆ? ಈ ಪ್ರಶ್ನೆಗೆ ನಮ್ಮ ನಾಡಿನವರು ಯಾವತ್ತೋ ಉತ್ತರ ಕಂಡುಕೊಂಡಿದ್ದಾರೆ. ಉತ್ತರ ಕನ್ನಡ, ಮಲೆನಾಡು ಕಡೆ ತೋಟಕ್ಕೆ ಹೋಗೋರು ಬೆನ್ನ ಹಿಂದೆ ಸೊಂಟಕ್ಕೆ ಮರದ ಕೊಕ್ಕೆ ಕಟ್ತಾರೆ, ಕತ್ತಿ ಅದರಲ್ಲಿ ನೇತಾಡುತ್ತೆ. ಮರ ಹತ್ತಿದ್ರೂ ಕತ್ತಿ ಬೀಳಲ್ಲ, ಎರಡೂ ಕೈ ಖಾಲಿ. ಕೊಡವರ ಉಡುಪಿನಲ್ಲಿ ಪೀಚೆಕತ್ತಿ ಒರೆ ಸಮೇತ ಮುಂದೆ ಚೇಲೆಗೆ ಸಿಗಿಸಿರುತ್ತೆ. ಅಗಲ ಅಲಗಿನ ಒಡಿಕತ್ತಿ ಹಿಂದೆ, ತೊಡಂಗ್ ಅನ್ನೋ ಲೋಹದ ಹಿಡಿಕೆಯಲ್ಲಿ ಕೂತಿರುತ್ತೆ.

ಗಮನಿಸಿ: ಕತ್ತಿಯ ಆಕಾರಕ್ಕೆ ತಕ್ಕ ಹಿಡಿಕೆ, ಭಾರ ಹೊರೋಕೆ ಸೊಂಟಪಟ್ಟಿ, ಬಗ್ಗಿದ್ರೂ ಜಾರದ ಕೋನ. ಹೋಲ್‌ಸ್ಟರಿಗೂ ಬೇಕಾಗಿರೋದು ಇವೇ.

ಎಲ್ಲಿ ನೋಯುತ್ತೆ, ಯಾಕೆ ನೋಯುತ್ತೆ

ಸ್ವಲ್ಪ ಸ್ಟ್ಯಾಟಿಕ್ಸ್ ಮಾಡೋಣ. ಗುಂಡು ತುಂಬಿದ ರಿವಾಲ್ವರ್ 750 ಗ್ರಾಂ ಅಂತ ಇಟ್ಕೊಳ್ಳಿ. ಬಲ ಸುಮಾರು 7.4 ನ್ಯೂಟನ್. ಒಂದು ಮುಕ್ಕಾಲು ಲೀಟರ್ ನೀರಿನ ಭಾರ, ದೊಡ್ಡದೇನಲ್ಲ. ಆದ್ರೆ ಅದರ ಗುರುತ್ವಕೇಂದ್ರ ಬೆಲ್ಟಿನಿಂದ 4 ಸೆಂಟಿಮೀಟರ್ ಹೊರಗಿದ್ರೆ ಹೊರಕ್ಕೆ ವಾಲಿಸೋ ಮೊಮೆಂಟ್ ಸುಮಾರು 0.3 ನ್ಯೂಟನ್ ಮೀಟರ್. ಅದನ್ನ ತಡೆಯೋದು ಬೆಲ್ಟಿನ ಮೇಲಂಚು ಕೆಳಂಚು ಸೇರಿ ಮಾಡೋ ಕಪಲ್. ಬೆಲ್ಟು 25 ಮಿಲಿಮೀಟರ್ ಅಗಲ ಇದ್ರೆ ಒಂದೊಂದು ಅಂಚಿಗೂ ಸುಮಾರು 12 ನ್ಯೂಟನ್. 38 ಮಿಲಿಮೀಟರ್ ಇದ್ರೆ 8 ನ್ಯೂಟನ್‌ಗಿಂತ ಕಡಿಮೆ. ಅದೂ ಬೆಲ್ಟು ಗಟ್ಟಿ ಇದ್ರೆ ಮಾತ್ರ. ಮೆತ್ತಗಿನ ಬೆಲ್ಟು ಮಡಚ್ಕೊಂಡು ಒಂದೇ ಗೆರೆಯಲ್ಲಿ ಸೊಂಟದ ಮೂಳೆ ಒತ್ತುತ್ತೆ.

ದೊಡ್ಡಪ್ಪನ ಬೆಲ್ಟು ನೋಡಿದ್ವಿ. ಮದುವೆಗೆ ಹಾಕೋ ತೆಳ್ಳನೆಯದ್ದು. ಅವರು ಬೈದಿದ್ದು ಹೋಲ್‌ಸ್ಟರಿಗೆ, ಅರ್ಧ ತಪ್ಪು ಬೆಲ್ಟಿನದ್ದು! ಹಾಗಾಗಿ ಮೊದಲ ಮಾತು: ಹೋಲ್‌ಸ್ಟರಿಗಿಂತ ಮುಂಚೆ ಗಟ್ಟಿಯಾದ, ಅಗಲವಾದ ಬೆಲ್ಟು. ಹೋಲ್‌ಸ್ಟರಿನ ಲೂಪು ಆ ಅಗಲಕ್ಕೆ ಸರಿಯಾಗಿ ಕೂರಬೇಕು. ಲೂಪು ಸಡಿಲ ಇದ್ರೆ ಹೋಲ್‌ಸ್ಟರ್ ನಡೆದಾಗೆಲ್ಲ ಜಾರಿ ಚರ್ಮ ಉಜ್ಜುತ್ತೆ. ಪಂಚೆ ಲುಂಗಿ ಮೇಲೆ ಇದ್ಯಾವುದೂ ನಡೆಯಲ್ಲ. ಪಂಚೆ ಉಟ್ಟ ದಿನ ಗನ್ನು ಮನೇಲಿ ಬೀಗದ ಒಳಗೇ ಇರಲಿ.

ಎಲ್ಲಿ ಕಟ್ಟೋದು

ಸೊಂಟದ ಹೊರಗೆ, ಬಲಗಡೆ ಪಕ್ಕೆಯ ಸ್ವಲ್ಪ ಹಿಂದೆ: ಹಿತದಲ್ಲಿ ಇದಕ್ಕೆ ಮೊದಲ ಸ್ಥಾನ. ಮೈಗೆ ಒತ್ತೋದು ಹೋಲ್‌ಸ್ಟರಿನ ಚಪ್ಪಟೆ ಹಿಂಬದಿ ಮಾತ್ರ. ತೊಂದರೆ ಅಂದ್ರೆ ಶರ್ಟು ಉದ್ದ, ಸಡಿಲ ಇರಬೇಕು. ಬಗ್ಗಿದಾಗ ಬಟ್ಟೆ ಮೇಲೆ ಸರಿದ್ರೆ ಮುಚ್ಚಿದ್ದು ತೆರೆದ ಹಾಗೇ.

ಪ್ಯಾಂಟಿನ ಒಳಗೆ: ಚೆನ್ನಾಗಿ ಮುಚ್ಚುತ್ತೆ. ಆದ್ರೆ ರಿವಾಲ್ವರಿನ ಉರುಳೆ ಉಬ್ಬಿರುತ್ತಲ್ಲ, ಆ ಉಬ್ಬು ನೇರವಾಗಿ ಪಕ್ಕೆಗೆ. ಇದನ್ನ ಆರಿಸೋರು ಪ್ಯಾಂಟನ್ನ ಸೊಂಟದಲ್ಲಿ ಒಂದೆರಡು ಇಂಚು ಸಡಿಲ ಹೊಲಿಸ್ಕೊಳ್ಳಬೇಕು. ದೊಡ್ಡಪ್ಪನ ಹತ್ರ ಇದ್ದದ್ದು ಈ ಥರದ್ದೇ. ಪ್ಯಾಂಟು ಮಾತ್ರ ಹಳೇ ಅಳತೆ.

ಹೊಟ್ಟೆಯ ಮುಂಭಾಗ: ತೆಳ್ಳಗಿನವರಿಗೆ ಸರಿ. ಹೊಟ್ಟೆ ಇರೋರು ಕೂತ್ರೆ ಹಿಡಿಕೆ ಮೇಲಕ್ಕೆ, ನಳಿಗೆ ತೊಡೆಸಂದಿಗೆ. ಅಭ್ಯಾಸ ಇಲ್ಲದವರಿಗೆ ಇದು ಬೇಡ.

ಬೆನ್ನ ನಡು: ಸಿನಿಮಾದಲ್ಲಿ ಚಂದ. ಬೈಕಿಂದ ಮಗುಚಿ ಬಿದ್ರೆ ಬೆನ್ನುಮೂಳೆಗೂ ರಸ್ತೆಗೂ ಮಧ್ಯೆ ಕಬ್ಬಿಣ. ನಮ್ಮ ರಸ್ತೆಗಳನ್ನ ನೋಡಿದ ಮೇಲೂ ಇದನ್ನ ಆರಿಸಬಾರದು.

ಭುಜದಿಂದ ನೇತಾಡೋದು ಕೋಟು ಹಾಕೋರಿಗೆ, ನಮ್ಮ ಸೆಕೆಗಲ್ಲ. ಕಾಲಿನ ಗಿಣ್ಣಿನ ಹತ್ರ ಕಟ್ಟೋದು ನಡಿಗೆಯನ್ನೇ ಕೆಡಿಸುತ್ತೆ.

ಇನ್ನು ಕೋನ. ಹೋಲ್‌ಸ್ಟರನ್ನ ಹತ್ತು ಹದಿನೈದು ಡಿಗ್ರಿ ಮುಂದಕ್ಕೆ ವಾಲಿಸಿದ್ರೆ ಪಕ್ಕೆಯ ಹಿಂದೆ ಇಟ್ಟಾಗ ಹಿಡಿಕೆ ಶರ್ಟಿನಲ್ಲಿ ಎದ್ದು ಕಾಣಲ್ಲ. ಕೂತಾಗ ನಳಿಗೆಯ ತುದಿ ಕುರ್ಚಿಗೆ ತಗುಲಿ ಇಡೀ ಗನ್ನನ್ನ ಮೇಲಕ್ಕೆ ತಳ್ಳೋದೂ ಕಡಿಮೆ. ಪಕ್ಕೆಗೆ ಚುಚ್ಚೋ ನೋವಿನ ದೊಡ್ಡ ಪಾಲು ಈ ತಳ್ಳಾಟದ್ದು. ಬಸ್ಸು, ಬೈಕು, ಊಟದ ಪಂಕ್ತಿ, ನಮ್ಮ ದಿನದಲ್ಲಿ ಕೂರೋದೇ ಜಾಸ್ತಿ. ಆದ್ದರಿಂದ ಕನ್ನಡಿ ಮುಂದೆ ನಿಂತು ನೋಡಿ ಆರಿಸಬೇಡಿ, ಕೂತು ನೋಡಿ ಆರಿಸಿ.

ಯಾವುದರಲ್ಲಿ ಮಾಡಿದ್ದು

ತೊಗಲು: ಮೈಗೆ ಹಿತ, ಬಳಸ್ತಾ ಹೋದ ಹಾಗೆ ಸೊಂಟದ ಬಾಗಿಗೆ ಒಗ್ಗುತ್ತೆ. ಆದ್ರೆ ಬೆವರು ಹೀರುತ್ತೆ, ಹೀರಿದ್ದು ಗನ್ನಿಗೆ ತುಕ್ಕು ಹಿಡಿಸುತ್ತೆ. ರಾತ್ರಿ ಗನ್ನನ್ನ ತೊಗಲಿನ ಒಳಗೇ ಬಿಡಬಾರದು. ಹಳೇದಾಗಿ ಬಾಯಿ ಮೆತ್ತಗಾದ ತೊಗಲು ಇನ್ನೂ ಅಪಾಯ. ಗನ್ನು ಒಳಗೆ ಇಡುವಾಗ ಮಡಚಿದ ತೊಗಲೇ ಟ್ರಿಗರಿಗೆ ಸಿಕ್ಕಿ ಗುಂಡು ಹಾರಬಹುದು.

ಕೈಡೆಕ್ಸ್: ಅಕ್ರಿಲಿಕ್ ಮತ್ತು ಪಿವಿಸಿ ಸೇರಿಸಿ ಮಾಡಿದ ಥರ್ಮೋಪ್ಲಾಸ್ಟಿಕ್ ಹಾಳೆ. ಬಿಸಿ ಮಾಡಿ ಗನ್ನಿನ ಆಕಾರಕ್ಕೇ ಒತ್ತಿ ತೆಗೀತಾರೆ. ಬೆವರು ಹೀರಲ್ಲ, ಬಾಯಿ ಮುಚ್ಕೊಳ್ಳಲ್ಲ, ಹಿಡಿತ ಗಟ್ಟಿ. ಆದ್ರೆ ಬರೀ ಮೈಗೆ ತಗುಲಿದ್ರೆ ಅಂಚು ಕೊರೆಯುತ್ತೆ, ಒಳಗೊಂದು ಬನಿಯನ್ ಬೇಕೇ ಬೇಕು. ಬೇಸಿಗೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ರೆ ಆಕಾರ ಕೆಡಬಹುದು.

ನೈಲಾನ್: ಅಗ್ಗ, ಹಗುರ. ಎಲ್ಲಾ ಗನ್ನಿಗೂ ಆಗುತ್ತೆ ಅಂತ ಮಾರ್ತಾರೆ, ಅಂದ್ರೆ ಯಾವುದಕ್ಕೂ ಸರಿಯಾಗಿ ಆಗಲ್ಲ.

ತೊಗಲಿನ ಬೆನ್ನು, ಕೈಡೆಕ್ಸಿನ ಮುಖ ಇರೋ ಮಿಶ್ರ ಬಗೆಯೂ ಇದೆ. ಹೆಚ್ಚು ಹೊತ್ತು ಕಟ್ಕೊಳ್ಳೋರಿಗೆ ಅದು ಒಳ್ಳೇ ರಾಜಿ.

ರಾಜಿ ಇಲ್ಲದ ನಾಲ್ಕು ಷರತ್ತು

ಹಿತ ಎಷ್ಟೇ ಮುಖ್ಯ ಅಂದ್ರೂ ಇವುಗಳ ಆಮೇಲೆ. ಒಂದು, ಟ್ರಿಗರ್ ಮತ್ತು ಅದರ ಸುತ್ತಿನ ಬಳೆ ಪೂರ್ತಿ ಗಟ್ಟಿ ವಸ್ತುವಿನಲ್ಲಿ ಮುಚ್ಚಿರಬೇಕು, ಹೊರಗಿಂದ ಒತ್ತಿದ್ರೂ ಒಳಗೆ ತಗುಲಬಾರದು. ಎರಡು, ಬಗ್ಗಿದ್ರೂ ಓಡಿದ್ರೂ ಗನ್ನು ತಾನಾಗಿ ಹೊರಗೆ ಬರಬಾರದು, ಹೆಬ್ಬೆರಳಲ್ಲಿ ಬಿಚ್ಚೋ ಪಟ್ಟಿ ಇದ್ರೆ ಒಳ್ಳೇದು. ಮೂರು, ಗನ್ನು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ನಾಲ್ಕು, ಹೋಲ್‌ಸ್ಟರ್ ಬೆಲ್ಟಿಗೆ ಅಂಟ್ಕೊಂಡಿರಬೇಕು, ಗನ್ನಿನ ಜೊತೆ ಅದೂ ಎದ್ದು ಬರಬಾರದು.

ಪರೀಕ್ಷೆ ಹೀಗೆ: ಗನ್ನನ್ನ ಪೂರ್ತಿ ಖಾಲಿ ಮಾಡಿ, ಎರಡು ಸಲ ನೋಡಿ, ಗುಂಡುಗಳನ್ನ ಬೇರೆ ಕೋಣೆಯಲ್ಲಿಟ್ಟು, ಹಾಸಿಗೆ ಮೇಲೆ ಹೋಲ್‌ಸ್ಟರನ್ನ ತಲೆಕೆಳಗು ಮಾಡಿ ಅಲ್ಲಾಡಿಸೋದು. ಬಿದ್ರೆ ಅದು ಹೋಲ್‌ಸ್ಟರ್ ಅಲ್ಲ, ಸಂಚಿ. ಆಮೇಲೆ ಖಾಲಿ ಗನ್ನಿನ ಜೊತೆಯೇ ಮನೆಯೊಳಗೆ ಮೂರು ನಾಲ್ಕು ಗಂಟೆ ಕಟ್ಕೊಂಡು ಕೂತು, ಎದ್ದು, ಚಪ್ಪಲಿ ಹಾಕಿ ನೋಡೋದು. ಐದು ನಿಮಿಷಕ್ಕೆ ಎಲ್ಲವೂ ಹಿತವೇ.

ಕೊನೆಗೆ ಆಗಿದ್ದು

ನಾವು ಯಾರೂ ಆ ರಿವಾಲ್ವರ್ ಮುಟ್ಟಲಿಲ್ಲ. ಲೈಸೆನ್ಸ್ ಇಲ್ಲದವರ ಕೈಗೆ ಕೊಡೋ ಹಾಗೂ ಇಲ್ಲ. ದೊಡ್ಡಪ್ಪನೇ ಅದನ್ನ ಖಾಲಿ ಮಾಡಿ, ನಮ್ಮ ವರ್ನಿಯರ್ ಕ್ಯಾಲಿಪರಿನಲ್ಲಿ ಅಳತೆ ತೆಗೆದು ಹೇಳ್ತಾ ಹೋದ್ರು, ನಾವು ಬರ್ಕೊಂಡ್ವಿ. ಆ ಅಳತೆಗೆ ಊರಿನ ಬಡಿಗೇರೊಬ್ಬರು ಮರದ ಅಚ್ಚು ಕೆತ್ತಿ ಕೊಟ್ರು. ಚನ್ನಗಿರಿಯಲ್ಲಿ ತೊಗಲಿನ ಕೆಲಸ ಮಾಡೋ ಹಿರಿಯರೊಬ್ಬರು ದಪ್ಪ ತೊಗಲನ್ನ ನೆನೆಸಿ, ಅಚ್ಚಿನ ಮೇಲೆ ಒತ್ತಿ, ನೆರಳಲ್ಲಿ ಒಣಗಿಸಿ ಹೊಲಿದ್ರು. ಸೊಂಟದ ಹೊರಗೆ ಕಟ್ಟೋದು, ಸ್ವಲ್ಪ ಮುಂದಕ್ಕೆ ವಾಲಿದ್ದು, ಪಟ್ಟಿ ಇರೋದು. ಮೊದಲನೇದು ಉದ್ದ ಜಾಸ್ತಿಯಾಗಿ ಕೂತಾಗ ಕುರ್ಚಿಗೆ ತಗುಲಿತು. ಎರಡನೇದು ಸರಿಹೋಯ್ತು. ಜೊತೆಗೆ ಅಗಲದ ಬೆಲ್ಟು.

ದೊಡ್ಡಮ್ಮ ಒಪ್ಪಿದ್ದು ಮಾತ್ರ ಬೇರೆ ಷರತ್ತಿನ ಮೇಲೆ: ಮನೆಯೊಳಗೆ ಕಾಲಿಟ್ಟ ತಕ್ಷಣ ಖಾಲಿ ಮಾಡಿ ಬೀರುವಿನ ಬೀಗದೊಳಗೆ, ಗುಂಡು ಬೇರೆ ಬೀಗದಲ್ಲಿ, ಬೀಗದ ಕೈ ದೊಡ್ಡಪ್ಪನ ಉಡಿದಾರದಲ್ಲಿ. ಈಗ ಅಡಿಕೆ ದುಡ್ಡು ಹೆಚ್ಚಾಗಿ ಬ್ಯಾಂಕಿಗೇ ಬೀಳ್ತಿರೋದ್ರಿಂದ ಕಟ್ಕೊಳ್ಳೋ ದಿನಗಳೂ ಕಡಿಮೆ ಆಗಿವೆ.

ಸಂಕ್ರಾಂತಿಗೆ ಫೋನ್ ಮಾಡಿದಾಗ ಕೇಳಿದ್ವಿ, "ಹೆಂಗಿದೆ ದೊಡ್ಡಪ್ಪ, ಚುಚ್ಚುತ್ತಾ?"

"ಇಲ್ಲಪ್ಪ, ಆರಾಮಿದೆ. ಆದ್ರೆ ಲೈಸೆನ್ಸ್ ನವೀಕರಣ ಬಂದಾಗ ಇದು ಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿದೀನಿ. ಅವತ್ತು ಆ ಮಗು ಕೈ ಚಾಚಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ" ಅಂದ್ರು.

ಅದಕ್ಕೆ ನಮ್ಮ ಕ್ಯಾಲಿಪರಿನಲ್ಲಿ ಅಳತೆ ಇರಲಿಲ್ಲ.