ಕುಲಾವಿ ಹೊಲಿಯುವ ಕೈಗಳಿಗೆ ಕೆಲವು ಮಾತು

ಬಸುರಿಗೆ ಏಳು ತಿಂಗಳು ತುಂಬಿತೆಂದರೆ ಮನೆಯ ಹಿರಿಯ ಹೆಂಗಸರ ಕೈಗೆ ಸೂಜಿ-ದಾರ ಬರುತ್ತದೆ. ಹಳೆಯ ಧೋತರ ಹರಿದು ಲಂಗೋಟಿ, ಮೆತ್ತಗಾದ ಸೀರೆಯಿಂದ ಹೊದಿಕೆ, ಗುಳೇದಗುಡ್ಡದ ಖಣದಿಂದ ಕುಲಾವಿ, ಕುಂಚಿಗೆ, ಉಳಿದ ಚೂರುಗಳನ್ನೆಲ್ಲ ಕೂಡಿಸಿ ಒಂದು ಪುಟ್ಟ ಕೌದಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಮಹಿಳೆಯರು ಕೂಸಿಗೆಂದೇ ಚಿಕ್ಕ ಕವಂದಿ ಹೊಲಿಯುತ್ತಾರೆ. ಎಲ್ಲವೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಈ ದಿನಗಳಲ್ಲೂ ಈ ಪದ್ಧತಿ ಉಳಿದುಕೊಂಡಿರುವುದು ಸಂತೋಷದ ಸಂಗತಿ. ಹತ್ತಾರು ಬಾರಿ ಒಗೆದು ಮೆತ್ತಗಾದ ಹತ್ತಿಬಟ್ಟೆಯಷ್ಟು ಹಿತವಾದುದು ಎಳೆಯ ಚರ್ಮಕ್ಕೆ ಬೇರೊಂದಿಲ್ಲ. ಅದು ಬೆವರನ್ನು ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ, ಉಜ್ಜಿ ಗಾಯ ಮಾಡುವುದಿಲ್ಲ.

ಆದರೆ ಹೊಲಿಯುವಾಗ ಮತ್ತು ತೊಡಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಇವು ಸಣ್ಣವು, ಆದರೆ ಅಲಕ್ಷಿಸಿದರೆ ದುಬಾರಿಯಾಗುತ್ತವೆ.

ಕುಲಾವಿ ಏಕೆ, ಎಷ್ಟು ಹೊತ್ತು?

ದೊಡ್ಡವರಲ್ಲಿ ತಲೆಯ ಭಾಗವು ದೇಹದ ಮೇಲ್ಮೈಯಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ನವಜಾತ ಶಿಶುವಿನಲ್ಲಿ ಅದು ಸುಮಾರು ಐದರಲ್ಲಿ ಒಂದು ಪಾಲು. ಆದ್ದರಿಂದ ಒದ್ದೆ ತಲೆಯ ಕೂಸು ಬೇಗನೆ ತಣ್ಣಗಾಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗಂತೂ ಶಾಖ ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಕಡಿಮೆ. ಇಂಥ ಶಿಶುಗಳಿಗೆ ಕಾಂಗರೂ ಆರೈಕೆಯನ್ನು ಆದಷ್ಟು ಬೇಗ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ಮಾಡಿದೆ. ಅಂದರೆ ತಾಯಿಯ ಬರಿಯ ಎದೆಗೆ ಕೂಸಿನ ಬರಿಯ ಎದೆ ತಾಗುವಂತೆ ಮಲಗಿಸಿಕೊಳ್ಳುವುದು. ಆಗ ಕೂಸಿನ ಮೈಮೇಲೆ ಇರುವುದು ಮೂರೇ ಉಡುಪು: ಟೊಪ್ಪಿಗೆ, ಕಾಲುಚೀಲ, ಲಂಗೋಟಿ. ಮೂರನ್ನೂ ಮನೆಯಲ್ಲೇ ಹೊಲಿಯಬಹುದು.

ಹಾಗೆಂದು ಬೇಸಿಗೆಯಲ್ಲಿ, ಹಗಲು-ರಾತ್ರಿ ಉಣ್ಣೆಯ ಟೊಪ್ಪಿಗೆ ಬಿಗಿದು ಇಡುವುದು ಸರಿಯಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕೂಸಿಗೆ ಮೈ ಕಾದು ಜ್ವರದಂತಾಗಬಹುದು. ಕೈಕಾಲು ಮುಟ್ಟಿ ನೋಡಬೇಡಿ, ಅವು ಸಾಮಾನ್ಯವಾಗಿ ತುಸು ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ಕಳಚಿ. ನಿಮಗೆ ಬೇಕಾದ ಬಟ್ಟೆಗಿಂತ ಒಂದು ಪದರ ಹೆಚ್ಚು ಇದ್ದರೆ ತುಂಬಿದ ತಿಂಗಳ ಕೂಸಿಗೆ ಸಾಕು.

ಕೂಸನ್ನು ಬಟ್ಟೆಯಲ್ಲಿ ಸುತ್ತುವಾಗ ಕಾಲುಗಳನ್ನು ನೇರಮಾಡಿ ಬಿಗಿಯಬೇಡಿ. ಸೊಂಟದ ಕೀಲು ಇನ್ನೂ ರೂಪುಗೊಳ್ಳುತ್ತಿರುತ್ತದೆ. ಕಾಲು ಮಡಿಸಿ ಅಗಲಿಸಲು ಎಡೆ ಇರಬೇಕು. ಇಲ್ಲದಿದ್ದರೆ ಕೀಲು ಜಾರುವ ಸಂಭವವಿದೆ.

ಟ್ರಂಕಿನಲ್ಲಿರುವ ಅಪಾಯ

ಮೊದಲ ಮಗುವಿನ ಕುಲಾವಿ, ಜಬಲಾ, ಕೌದಿಗಳನ್ನು ಎರಡನೆಯದಕ್ಕೆಂದು ಟ್ರಂಕಿನಲ್ಲಿ ಕಟ್ಟಿಡುತ್ತೇವೆ. ನುಸಿ ಬೀಳದಿರಲೆಂದು ನಾಲ್ಕು ಬಿಳಿ ಗುಳಿಗೆಗಳನ್ನೂ ಹಾಕುತ್ತೇವೆ. ಈ ಗುಳಿಗೆ ಹಲವು ಬಾರಿ ನ್ಯಾಫ್ತಲೀನ್ ಆಗಿರುತ್ತದೆ. ಹೆರಿಗೆಯಾದ ದಿನ ಆ ಬಟ್ಟೆಯನ್ನು ತೆಗೆದು ನೇರವಾಗಿ ಕೂಸಿಗೆ ತೊಡಿಸಿದರೆ ಏನಾಗುತ್ತದೆ?

ನ್ಯಾಫ್ತಲೀನ್‌ನ ಆವಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ದೇಹ ಸೇರುತ್ತದೆ. ಎಣ್ಣೆ ಹಚ್ಚಿದ ಮೈಯಲ್ಲಿ ಇನ್ನೂ ಸುಲಭವಾಗಿ ಇಳಿಯುತ್ತದೆ. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಇದು ತಾಯಿಯಿಂದ ಬರುವ ದೋಷ, ಗಂಡುಮಕ್ಕಳಲ್ಲಿ ಹೆಚ್ಚು. ಕೊರತೆ ಇದೆಯೆಂಬುದು ಮೇಲ್ನೋಟಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಈ ಕಿಣ್ವವೇ ಕೆಂಪು ರಕ್ತಕಣಗಳಿಗೆ ರಕ್ಷಣೆ. ಅದಿಲ್ಲದಾಗ ನ್ಯಾಫ್ತಲೀನ್‌ನಿಂದ ಕಣಗಳು ರಾಶಿ ರಾಶಿಯಾಗಿ ಒಡೆಯುತ್ತವೆ. ಒಡೆದ ಕಣಗಳಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಎಳೆಯ ಯಕೃತ್ತು ಹೊರಹಾಕಲಾರದು. ಕಾಮಾಲೆ ಏರುತ್ತದೆ. ಅತಿಯಾಗಿ ಏರಿದರೆ ಅದು ಮಿದುಳಿಗೆ ಇಳಿದು ಕಿವುಡುತನ, ಕೈಕಾಲುಗಳ ಶಾಶ್ವತ ಊನ, ಕೆಲವೊಮ್ಮೆ ಸಾವನ್ನೂ ತರಬಹುದು. ಸಕಾಲದಲ್ಲಿ ತಂದರೆ ನೀಲಿ ಬೆಳಕಿನ ಚಿಕಿತ್ಸೆ ಅಥವಾ ರಕ್ತ ಬದಲಾವಣೆಯಿಂದ ಉಳಿಸಿಕೊಳ್ಳಬಹುದು.

ಹುಟ್ಟಿದ ಎರಡು-ಮೂರನೆಯ ದಿನ ತುಸು ಹಳದಿಯಾಗುವುದು ಬಹಳ ಶಿಶುಗಳಲ್ಲಿ ಸಹಜ. ಆದರೆ ಮೊದಲ 24 ಗಂಟೆಯೊಳಗೇ ಕಾಣಿಸಿಕೊಂಡ ಹಳದಿ, ಅಂಗೈ-ಅಂಗಾಲಿಗೆ ಇಳಿದ ಹಳದಿ, ಹಾಲು ಬಿಟ್ಟು ಮಂಕಾಗಿ ಮಲಗುವುದು, ಬಿಳಚಿಕೊಳ್ಳುವುದು, ಕಡು ಬಣ್ಣದ ಮೂತ್ರ, ಇವು ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ಎಳೆಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆಯಲ್ಲ.

ಮಕ್ಕಳ ಬಟ್ಟೆಯ ಗಂಟಿಗೆ ಈ ಗುಳಿಗೆಗಳನ್ನು ಹಾಕಲೇಬೇಡಿ. ಒಣಗಿದ ಬೇವಿನೆಲೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿಡಬಹುದು. ಈಗಾಗಲೇ ಗುಳಿಗೆ ಹಾಕಿಟ್ಟ ಬಟ್ಟೆಯಿದ್ದರೆ ಹೆರಿಗೆಗೆ ಸಾಕಷ್ಟು ಮುಂಚೆಯೇ ತೆಗೆದು, ಒಗೆದು, ಹಲವು ದಿನ ಬಿಸಿಲು-ಗಾಳಿಗೆ ಹರವಿ. ಮೂಗಿಗೆ ಹಿಡಿದಾಗ ವಾಸನೆ ಎಳ್ಳಷ್ಟು ಉಳಿದಿದ್ದರೂ ಆ ಬಟ್ಟೆ ನವಜಾತ ಶಿಶುವಿಗೆ ಬೇಡ.

ಒಳಗಿನ ದಾರ

ಕೆಲವು ತಿಂಗಳ ಹಿಂದೆ ಮೂರು ತಿಂಗಳ ಹೆಣ್ಣುಕೂಸನ್ನು ಅಜ್ಜಿ ಎತ್ತಿಕೊಂಡು ಬಂದರು. ಹಿಂದಿನ ರಾತ್ರಿಯಿಂದ ಒಂದೇ ಅಳು. ಹೊಟ್ಟೆನೋವೆಂದು ಓಮಿನ ನೀರು, ದೃಷ್ಟಿಯೆಂದು ಉಪ್ಪು-ಮೆಣಸಿನಕಾಯಿ, ಎಲ್ಲ ಆಗಿತ್ತು. ಹೊಟ್ಟೆ, ಕಿವಿ, ಗಂಟಲು ಸರಿಯಾಗಿದ್ದವು. ಮಖಮಲ್ಲಿನ ಕಾಲುಚೀಲ ಕಳಚಿದಾಗ ಎಡಗಾಲಿನ ಮೂರನೆಯ ಬೆರಳು ಕೆಂಪೇರಿ ಊದಿತ್ತು. ಬುಡದಲ್ಲಿ ಹೊಲಿಗೆಯ ದಾರವೊಂದು ಎರಡು ಸುತ್ತು ಸುತ್ತಿಕೊಂಡು ಚರ್ಮದೊಳಗೆ ಹೂತಿತ್ತು. ದಾರ ಕತ್ತರಿಸಿ ತೆಗೆದ ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಬೆರಳಿನ ಬಣ್ಣ ನಿಧಾನವಾಗಿ ಮರಳಿತು.

"ನಾನೇ ಹೊಲದಿದ್ದೆರೀ ಡಾಕ್ಟರ್ರೇ, ಇನ್ನ ಮ್ಯಾಲೆ ಸೂಜಿ ಮುಟ್ಟಂಗಿಲ್ಲ," ಎಂದು ಆ ತಾಯಿ ಕಣ್ಣೊರೆಸಿಕೊಂಡರು.

"ಹಂಗನಬ್ಯಾಡ್ರೀ ಅಮ್ಮಾ. ಸೂಜಿ ಬಿಡಬ್ಯಾಡ್ರಿ. ಹೊಲದ ಮ್ಯಾಲೆ ಒಳಮಗ್ಗಲು ಹೊರಗ ಮಾಡಿ ಒಮ್ಮೆ ನೋಡ್ರಿ, ಅಷ್ಟ ಸಾಕು," ಎಂದೆ.

ದಾರವಿರಲಿ, ತಾಯಿಯ ತಲೆಗೂದಲಿರಲಿ, ಹೀಗೆ ಬೆರಳಿಗೆ ಸುತ್ತಿಕೊಳ್ಳುವುದು ವೈದ್ಯರಿಗೆ ಪರಿಚಿತ ತೊಂದರೆ. ಮೊದಲು ರಕ್ತ ಮರಳುವುದು ನಿಲ್ಲುತ್ತದೆ, ಊತ ಬರುತ್ತದೆ, ಊತದಿಂದ ದಾರ ಇನ್ನೂ ಬಿಗಿಯಾಗುತ್ತದೆ. ತಡವಾದರೆ ಬೆರಳೇ ಕಪ್ಪಾಗಿ ಹೋಗಬಹುದು. ಗಂಡುಕೂಸಿನ ಶಿಶ್ನಕ್ಕೂ ಕೂದಲು ಸುತ್ತಿಕೊಳ್ಳುವುದುಂಟು. ಆದ್ದರಿಂದ ಕಾರಣವಿಲ್ಲದೆ ಅಳುವ ಕೂಸಿನ ಬಟ್ಟೆಯನ್ನೆಲ್ಲ ಕಳಚಿ, ಕೈಕಾಲಿನ ಇಪ್ಪತ್ತು ಬೆರಳುಗಳನ್ನೂ ನೋಡಿ. ದಾರ ಕಾಣದಷ್ಟು ಆಳಕ್ಕಿಳಿದಿದ್ದರೆ ಮನೆಯಲ್ಲಿ ಕೆದಕದೆ ವೈದ್ಯರಲ್ಲಿಗೆ ತನ್ನಿ.

ಕಾಲುಚೀಲ, ಕೈಚೀಲಗಳ ಒಳಹೊಲಿಗೆಯ ಅಂಚನ್ನು ಮಡಿಸಿ ಹೊಲಿಯಿರಿ, ದಾರದ ತುದಿಗಳನ್ನು ಒತ್ತಿ ಕತ್ತರಿಸಿ. ಹೊಲಿಯುವಾಗ ಸೂಜಿ, ಗುಂಡುಸೂಜಿಗಳನ್ನು ಎಣಿಸಿಟ್ಟುಕೊಂಡು, ಎದ್ದೇಳುವಾಗ ಮತ್ತೆ ಎಣಿಸಿ. ಯಂತ್ರದ ಸೂಜಿ ಮುರಿದರೆ ಮುರಿದ ತುದಿ ಸಿಗುವವರೆಗೆ ಆ ಬಟ್ಟೆಯನ್ನು ತೊಡಿಸಬೇಡಿ.

ಲಾಡಿ, ಗುಂಡಿ, ಕನ್ನಡಿ

ಕುಲಾವಿಯ ಲಾಡಿಯನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಬೇಡಿ. ಮಲಗಿಸುವಾಗ ಕುಲಾವಿಯನ್ನೇ ತೆಗೆದುಬಿಡಿ. ಜಬಲಾಕ್ಕೆ ಕತ್ತಿನ ಲಾಡಿಗಿಂತ ಪಕ್ಕೆಯಲ್ಲಿ ಗಂಟು ಹಾಕುವ ಚಿಕ್ಕ ಲಾಡಿ ಒಳ್ಳೆಯದು.

ಒಂಬತ್ತು-ಹತ್ತನೆಯ ತಿಂಗಳಿಗೆ ಮಗು ಹೆಬ್ಬೆರಳು-ತೋರುಬೆರಳಿನಿಂದ ಸಣ್ಣ ಕಾಳನ್ನೂ ಎತ್ತಬಲ್ಲದು. ಎತ್ತಿದ್ದೆಲ್ಲ ಬಾಯಿಗೇ ಹೋಗುತ್ತದೆ. ಗುಂಡಿ, ಮಣಿ, ಚಮಕಿ, ಕಸೂತಿಯ ಕನ್ನಡಿ ಚೂರು, ಗೆಜ್ಜೆ, ಎಲ್ಲವೂ ಆಗ ಅಪಾಯವೇ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಕಳಚಿ ಬರಬಹುದಾದ ಭಾಗ 3.2 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಹಿಡಿಯುವಂತಿದ್ದರೆ ಅದು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು ಎಂದು ತಿಳಿಯಿರಿ.

ವರ್ಷದೊಳಗಿನ ಕೂಸಿಗೆ ಏನಾದರೂ ಸಿಕ್ಕಿಕೊಂಡು ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ ಎರಡು ಹೆಗಲೆಲುಬುಗಳ ನಡುವೆ 5 ಬಾರಿ ಬಡಿಯಿರಿ. ಬಳಿಕ ಅಂಗಾತ ಮಾಡಿ ಎದೆಯ ನಡುವೆ ಅಂಗೈ ಬುಡದಿಂದ 5 ಬಾರಿ ಒತ್ತಿ. ವಸ್ತು ಹೊರಬರುವವರೆಗೆ ಹೀಗೇ ಮಾಡುತ್ತ ಆಸ್ಪತ್ರೆಗೆ ಸಾಗಿಸಲು ಇತರರನ್ನು ಕೂಗಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ತೂರಿಸಬೇಡಿ, ಅದು ಇನ್ನೂ ಒಳಕ್ಕೆ ಸರಿಯುತ್ತದೆ. ಕೂಸಿನ ಎಚ್ಚರ ತಪ್ಪಿ ಉಸಿರು ನಿಂತರೆ ಎದೆ ಒತ್ತುವುದನ್ನೂ ಬಾಯಿಂದ ಉಸಿರು ಕೊಡುವುದನ್ನೂ ಆರಂಭಿಸಬೇಕು.

ಸಾಸಿವೆ ದಿಂಬು ಬೇಕೆ?

ತಲೆ ದುಂಡಗಾಗಲೆಂದು ಸಾಸಿವೆ ಅಥವಾ ರಾಗಿ ತುಂಬಿದ ದಿಂಬು ಹೊಲಿಯುವುದು ನಮ್ಮಲ್ಲಿ ರೂಢಿ. ತಲೆಯ ಆಕಾರ ತಿದ್ದುವ ದಿಂಬುಗಳಿಂದ ಪ್ರಯೋಜನವಿಲ್ಲ, ಉಸಿರುಗಟ್ಟುವ ಅಪಾಯವಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಎಚ್ಚರಿಸಿತು. ನಮ್ಮ ದಿಂಬಿನಲ್ಲಿ ಇನ್ನೊಂದು ತೊಡಕು: ಹೊಲಿಗೆ ಬಿಚ್ಚಿದರೆ ಕಾಳು ಕೂಸಿನ ಮೂಗು, ಬಾಯಿ ಸೇರುತ್ತದೆ. ಕೂಸಿಗೆ ದಿಂಬೇ ಬೇಡ. ಒಂದು ದಿನ ತಲೆಯನ್ನು ಬಲಕ್ಕೆ, ಮರುದಿನ ಎಡಕ್ಕೆ ಹೊರಳಿಸಿ ಅಂಗಾತ ಮಲಗಿಸಿ. ಎಚ್ಚರವಿದ್ದಾಗ ನೀವು ಎದುರಿಗೆ ಕುಳಿತು ಸ್ವಲ್ಪ ಹೊತ್ತು ಬೋರಲಾಗಿಸಿ ಆಡಿಸಿ. ಮಗು ಕೂರಲು ಕಲಿತ ಮೇಲೆ ಹೆಚ್ಚಿನವರಲ್ಲಿ ತಲೆ ತಾನಾಗಿಯೇ ಸರಿಹೋಗುತ್ತದೆ.

ಕೌದಿಯ ಮಾತೂ ಹೀಗೆಯೇ. ಎಚ್ಚರವಿರುವ ಮಗುವನ್ನು ನೆಲದ ಮೇಲೆ ಆಡಿಸಲು, ತೊಡೆಯ ಮೇಲೆ ಹಾಸಿಕೊಳ್ಳಲು ಕೌದಿಗಿಂತ ಒಳ್ಳೆಯದಿಲ್ಲ. ಮಲಗಿಸುವಾಗ ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ದಪ್ಪ ಕೌದಿಯನ್ನು ಕೂಸಿನ ಮುಖದವರೆಗೆ ಹೊದಿಸುವುದು, ಬಟ್ಟೆಗೊಂಬೆಗಳನ್ನು ಪಕ್ಕದಲ್ಲಿ ಸಾಲಾಗಿ ಇಡುವುದು ಬೇಡ.

ಬಟ್ಟೆಯ ಆಟಿಕೆಗಳು

ಗೊಂಬೆಗೆ ಕಣ್ಣು-ಮೂಗನ್ನು ಗುಂಡಿಯ ಬದಲು ಬಣ್ಣದ ದಾರದಿಂದ ಹೊಲಿಯಿರಿ. ಒಳಗೆ ಒಗೆದ ಬಟ್ಟೆಚೂರು ಅಥವಾ ಹತ್ತಿ ತುಂಬಿ. ಕಾಳು, ಹುಣಸೆಬೀಜ, ಥರ್ಮೋಕೋಲ್ ಮಣಿ ಬೇಡ. ಮೂಗಿಗೆ ಸೇರಿದ ಕಾಳು ತೇವಕ್ಕೆ ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಇದನ್ನೇ ಶಂಕಿಸಬೇಕು.

ಎಳೆಗೂಸಿಗೆ ಒಂದು ಮೊಳ ದೂರದೊಳಗಿನ ಕಪ್ಪು-ಬಿಳುಪು, ಕೆಂಪು ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಆರು ತಿಂಗಳಿಗೆ ಹಿಡಿಯಲು ಬಟ್ಟೆಯ ಚೆಂಡು, ಒಂದೂವರೆ ವರ್ಷಕ್ಕೆ ಹಾಳೆ ತಿರುವಲು ಬಟ್ಟೆಯ ಪುಸ್ತಕ. ಮೂರು-ನಾಲ್ಕು ವರ್ಷಕ್ಕೆ ನೀವು ಎದುರಿಗಿರುವಾಗ ದೊಡ್ಡ ಗುಂಡಿ ಹಾಕಿ ತೆಗೆಯುವ ಆಟ, ರಟ್ಟಿನ ತೂತುಗಳಲ್ಲಿ ದಾರ ಪೋಣಿಸುವ ಆಟ. ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಇದೇ ಅಭ್ಯಾಸ.

ನೆನಪಿಡಿ

* ಹೊಸ ಬಟ್ಟೆಯಾದರೂ ಹಳೆಯದಾದರೂ ಒಗೆದು, ಬಿಸಿಲಲ್ಲಿ ಒಣಗಿಸಿಯೇ ತೊಡಿಸಿ.
* ಲಂಗೋಟಿಯಲ್ಲಿ ಸಾಬೂನು ಉಳಿಯದಂತೆ ಚೆನ್ನಾಗಿ ಜಾಲಿಸಿ, ಒದ್ದೆಯಾದೊಡನೆ ಬದಲಿಸಿ.
* ಮಕ್ಕಳ ಬಟ್ಟೆಯೊಡನೆ ನುಸಿ ಗುಳಿಗೆ ಬೇಡ.
* ಹೊಲಿದ ಮೇಲೆ ಒಳಮಗ್ಗಲು ನೋಡಿ, ಗುಂಡಿಯನ್ನು ಜಗ್ಗಿ ನೋಡಿ.
* ಮಲಗಿದ ಕೂಸಿನ ಬಳಿ ದಿಂಬು, ಗೊಂಬೆ, ಲಾಡಿ ಇರದಿರಲಿ.

ಇಷ್ಟನ್ನು ಪಾಲಿಸಿದರೆ ಮನೆಯಲ್ಲಿ ಹೊಲಿದ ಕುಲಾವಿಯ ಬಗ್ಗೆ ಯಾವ ವೈದ್ಯನ ತಕರಾರೂ ಇರಲಾರದು.