ಹಳೆಯ ಲಾರಿಯೂ ಘಾಟಿಯ ದಾರಿಯೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು ಮುಂತಾದ ಸೀಮೆಗಳಲ್ಲಿ ಮುಂಗಾರಿನಲ್ಲಿ ಹಾಕಿದ ಈರುಳ್ಳಿಯು ಭಾದ್ರಪದ, ಆಶ್ವಯುಜ ಮಾಸಗಳಲ್ಲಿ ಕೀಳುವುದಕ್ಕೆ ಬರುತ್ತದೆ. ಎಲ್ಲರ ಬೆಳೆಯೂ ಒಂದೇ ಕಾಲಕ್ಕೆ ಬರುವುದರಿಂದ ಲಾರಿಗಳು ದೊರೆಯುವುದು ಕಷ್ಟವಾಗಿ, ಬಾಡಿಗೆಯೂ ಏರುವುದು. ಆದಕಾರಣ ಅನುಕೂಲಸ್ಥರಾದ ಜಮೀನು ಒಡೆಯರು ಒಬ್ಬರಾಗಿಯೋ, ನಾಲ್ಕಾರು ಮಂದಿ ಕೂಡಿಯೋ, ಪರರ ಕೈಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಲಾರಿಯೊಂದನ್ನು ಕೊಂಡು ಇಟ್ಟುಕೊಳ್ಳುವುದುಂಟು. ವರ್ಷದ ಹೆಚ್ಚು ಭಾಗ ಅದು ಗೊಬ್ಬರ, ಇಟ್ಟಿಗೆ, ಮೇವು ಹೊತ್ತು ಊರ ಸುತ್ತಮುತ್ತ ತಿರುಗುತ್ತಿರುವುದು. ಸುಗ್ಗಿ ಬಂದೊಡನೆ ಅದೇ ಲಾರಿಯ ಮೇಲೆ ಈರುಳ್ಳಿಯನ್ನು ಹೇರಿ, ಸಂಜೆಯ ಹೊತ್ತಿಗೆ ಮಂಗಳೂರಿಗೆ ಹೊರಡಿಸಿಬಿಡುವರು.

ಹೀಗೆ ಹೊರಡಿಸುವುದರಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಊರ ಬಯಲಿನಲ್ಲಿ ಚೆನ್ನಾಗಿ ಓಡುತ್ತಿರುವ ಲಾರಿಯು ಎಲ್ಲಿಯಾದರೂ ಚೆನ್ನಾಗಿಯೇ ಓಡುವುದೆಂದು ಅನೇಕರು ಎಣಿಸುವರು. ಬಯಲಿನ ಓಟದಿಂದ ಎಂಜಿನ್ನಿನ ಸ್ಥಿತಿಯು ತಿಳಿದೀತು. ಬ್ರೇಕಿನ ಸ್ಥಿತಿಯು ತಿಳಿಯದು. ಎಂಜಿನ್ನು ಕೆಟ್ಟರೆ ಲಾರಿ ನಿಲ್ಲುವುದು, ಒಡೆಯನಿಗೆ ನಷ್ಟವಾಗುವುದು, ಅಷ್ಟೇ. ಬ್ರೇಕು ಕೆಟ್ಟರೆ ಲಾರಿ ನಿಲ್ಲದು.

ಹಿರಿಯೂರಿನಿಂದ ಹುಳಿಯಾರು, ಬಾಣಾವರ, ಅರಸೀಕೆರೆ, ಹಾಸನಗಳ ಮೇಲೆ ಸಕಲೇಶಪುರದವರೆಗೆ ದಾರಿಯಲ್ಲಿ ಲಾರಿಗೆ ಕಷ್ಟಕೊಡುವಂಥದು ಹೆಚ್ಚಾಗಿ ಇಲ್ಲ. ಸಕಲೇಶಪುರವು ಸಮುದ್ರಮಟ್ಟಕ್ಕೆ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದು. ಅಲ್ಲಿಂದ ಮುಂದೆ ಶಿರಾಡಿ ಘಾಟಿಯಲ್ಲಿ ಇಳಿದು ಗುಂಡ್ಯದ ಬಳಿ ತಗ್ಗಿಗೆ ಸೇರುವಷ್ಟರಲ್ಲಿ ಲಾರಿಯು 700 ಮೀಟರಿನಷ್ಟು ಕೆಳಗಿಳಿದಿರುತ್ತದೆ. ಒಟ್ಟು 16 ಟನ್ ತೂಗುವ ಲಾರಿಯು ಇಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲವೂ ಶಾಖವಾಗಿ ಪರಿಣಮಿಸಿದರೆ, ಅದರಿಂದ ಮುನ್ನೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಗೇರಿನ ಹಿಡಿತವಿದ್ದರೆ ಈ ಶಾಖದ ಬಹುಭಾಗವನ್ನು ಎಂಜಿನ್ನು ಹೊರಹಾಕುವುದು. ಡ್ರೈವರನು ಡೀಸೆಲು ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಬಿಟ್ಟರೆ ಅದೆಲ್ಲವೂ ಬ್ರೇಕಿನ ಡ್ರಮ್ಮುಗಳ ಪಾಲಿಗೆ ಬರುವುದು. ಡ್ರಮ್ಮು ಕಾದು ಹಿಗ್ಗಿದಂತೆಲ್ಲ ಲೈನರು ಅದನ್ನು ಮುಟ್ಟಲು ಹೆಚ್ಚು ದೂರ ಸರಿಯಬೇಕಾಗುತ್ತದೆ. ಮುಟ್ಟಿದರೂ ಕಾದ ಲೈನರಿನ ಹಿಡಿತವು ಸಡಿಲುವುದು. ಡ್ರೈವರನು ಗಾಬರಿಯಿಂದ ಪೆಡಲನ್ನು ಮತ್ತೆ ಮತ್ತೆ ಒತ್ತುವನು. ಒತ್ತಿದಷ್ಟು ಸಲವೂ ತೊಟ್ಟಿಯ ಗಾಳಿ ಖರ್ಚಾಗುವುದು. ನ್ಯೂಟ್ರಲಿನಲ್ಲಿ ನಿಧಾನವಾಗಿ ತಿರುಗುತ್ತಿರುವ ಎಂಜಿನ್ನು ಅದನ್ನು ತುಂಬಿಕೊಡಲಾರದು.

ಹಳೆಯ ಲಾರಿಯಲ್ಲಿ ಇದಕ್ಕೆ ಮತ್ತೊಂದು ಕಾರಣವು ಸೇರುತ್ತದೆ. ಡ್ರಮ್ಮು ಸವೆದು ಗೀರುಬಿದ್ದಾಗಲೆಲ್ಲ ಅದನ್ನು ಲೇತಿಗೆ ಹಾಕಿ ನುಣುಪು ಮಾಡಿಸುವುದು ವಾಡಿಕೆ. ಒಂದೆರಡು ಸಲ ಹೀಗೆ ಮಾಡಿಸಿದರೆ ತಪ್ಪಿಲ್ಲ. ಮೂವರು ನಾಲ್ವರು ಒಡೆಯರ ಕೈ ದಾಟಿ ಬಂದ ಲಾರಿಯಲ್ಲಿ ಎಷ್ಟು ಸಲ ಮಾಡಿಸಿದೆಯೆಂಬುದನ್ನು ಯಾರೂ ಹೇಳಲಾರರು. ತೆಳುವಾದ ಡ್ರಮ್ಮು ಬೇಗ ಕಾಯುವುದು, ಬೇಗ ಸೀಳು ಬಿಡುವುದು. ಲಾರಿ ತಯಾರಿಸಿದವರು ಡ್ರಮ್ಮಿನ ಒಳ ಅಳತೆಗೆ ಒಂದು ಕಡೆಯ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಚಕ್ರಗಳನ್ನು ಬಿಚ್ಚಿಸಿ, ಮೇಸ್ತ್ರಿಯು ಅಳತೆ ಹಿಡಿಯುವಾಗ ಒಡೆಯನು ತಾನೇ ಪಕ್ಕದಲ್ಲಿ ನಿಂತು, ಮಿತಿ ಮೀರಿದ ಡ್ರಮ್ಮನ್ನು ಬದಲಾಯಿಸತಕ್ಕದ್ದು. ‘ಇದೊಂದು ಸುಗ್ಗಿ ಕಳೆಯಲಿ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಚಕ್ರ ಬಿಚ್ಚಿದಾಗಲೇ ಹಬ್ಬಿನ ಎಣ್ಣೆ ಲೈನರಿನ ಮೇಲೆ ಸೋರಿದೆಯೇ ಎಂಬುದನ್ನೂ ನೋಡಬೇಕು. ಎಣ್ಣೆ ಕುಡಿದ ಲೈನರನ್ನು ಉಜ್ಜಿ ಒಣಗಿಸಿ ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ.

ಗಾಳಿಯ ಪರೀಕ್ಷೆಗೆ ಮೇಸ್ತ್ರಿಯೂ ಬೇಕಾದ್ದಿಲ್ಲ. ಸಮವಾದ ನೆಲದಲ್ಲಿ ಚಕ್ರಗಳಿಗೆ ಬೆಣೆ ಕೊಟ್ಟು, ಗಾಳಿಯ ಮುಳ್ಳು ತುಂಬಿದ ಗುರುತಿಗೆ ಬರುವವರೆಗೆ ಎಂಜಿನ್ನನ್ನು ನಡೆಸಿ ನಿಲ್ಲಿಸಬೇಕು. ಒಬ್ಬನು ಪೆಡಲನ್ನು ಒತ್ತಿ ಹಿಡಿದಿರಲಿ. ಮತ್ತೊಬ್ಬನು ಪೈಪುಗಳ ಕೀಲುಗಳ ಬಳಿ ಕಿವಿಗೊಟ್ಟು ಸಾಗಲಿ. ಮುಳ್ಳು ಇಳಿಯುತ್ತ ಹೋದರೆ ಎಲ್ಲಿಯೋ ಸೋರುತ್ತಿರುವುದು ನಿಶ್ಚಯ. ಸಾಬೂನಿನ ನೊರೆ ಸವರಿದರೆ ಗುಳ್ಳೆ ಏಳುವ ಸ್ಥಳವೇ ಆ ಸ್ಥಳ. ತೊಟ್ಟಿಯ ತಳದಲ್ಲಿ ಸೇರುವ ನೀರನ್ನು ಪ್ರತಿದಿನ ಬೆಳಿಗ್ಗೆ ಬಿಡುವ ಅಭ್ಯಾಸವು ಕೆಲವು ಕ್ಲೀನರರಲ್ಲಿ ಇಲ್ಲ. ಆ ನೀರು ಪೈಪು, ವಾಲ್ವುಗಳಲ್ಲಿ ತುಕ್ಕು ಹಿಡಿಸಿ, ಗಾಳಿಗೆ ಇರಬೇಕಾದ ಸ್ಥಳವನ್ನೂ ಆಕ್ರಮಿಸುವುದು.

ಬ್ರೇಕಿನ ತರುವಾಯ ನೋಡತಕ್ಕದ್ದು ಟೈರುಗಳನ್ನು. ಹೊಲದ ಕೆಲಸದ ಲಾರಿ ಕಡಿಮೆ ಓಡುವುದರಿಂದ ಅದರ ಟೈರಿನ ಪಟ್ಟು ಸವೆದಿರುವುದಿಲ್ಲ. ಇದನ್ನು ಕಂಡು ಟೈರು ಹೊಸದರಂತಿದೆಯೆಂದು ಸಂತೋಷಪಡುವವರುಂಟು. ರಬ್ಬರು ಓಡಿದರೆ ಸವೆಯುವುದು, ನಿಂತರೆ ಮುಪ್ಪಾಗುವುದು. ಬಿಸಿಲಿನಲ್ಲಿ ನಿಂತ ಲಾರಿಯ ಟೈರಿನ ಪಕ್ಕೆಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಕಾಣುವುವು. ಟೈರಿನ ವಯಸ್ಸನ್ನು ಅದರ ಪಕ್ಕೆಯಲ್ಲಿಯೇ ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 3219 ಎಂದಿದ್ದರೆ ಅದು 2019ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ಮುಂದಿನ ಎರಡು ಚಕ್ರಗಳಿಗೆ ಇದ್ದುದರಲ್ಲಿ ಉತ್ತಮವಾದ, ರೀಟ್ರೆಡ್ ಮಾಡಿಸದ ಟೈರುಗಳನ್ನೇ ಹಾಕತಕ್ಕದ್ದು. ಮುಂದಿನ ಟೈರು ಒಡೆದರೆ ಸ್ಟೇರಿಂಗು ಕೈಗೆ ಸಿಗುವುದು ದುರ್ಲಭ. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿದ ಕಲ್ಲುಗಳನ್ನು ತೆಗೆಯಿಸಬೇಕು. ಗಾಳಿಯನ್ನು ಲಾರಿ ಓಡುವುದಕ್ಕೆ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಸ್ಟೆಪ್ನಿಯನ್ನು ಅಳೆಯುವುದನ್ನು ಮರೆಯುವವರೇ ಹೆಚ್ಚು.

ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟುಗಳು ಐವತ್ತರಿಂದ ನೂರು ಕಿಲೋಮೀಟರು ಓಡುವಷ್ಟರಲ್ಲಿ ಕೊಂಚ ಸಡಿಲುವುದು ಸಹಜ. ಆದಕಾರಣ ಪ್ರಯಾಣದ ಹಿಂದಿನ ದಿನ ಚಕ್ರ ಬಿಚ್ಚುವುದು ಸರಿಯಲ್ಲ. ಎಂಟು ಹತ್ತು ದಿನ ಮುಂಚೆಯೇ ಈ ಕೆಲಸವನ್ನು ಮುಗಿಸಿ, ಹೊರೆ ಹೇರಿದ ಲಾರಿಯನ್ನು ಸುತ್ತಮುತ್ತ ಮೂವತ್ತು ನಲವತ್ತು ಕಿಲೋಮೀಟರು ಓಡಿಸಿ ತರಬೇಕು. ಹಿಂದಿರುಗಿದ ಕೂಡಲೆ ಪ್ರತಿಯೊಂದು ಹಬ್ಬಿನ ಬಳಿಗೂ ಕೈಯ ಹಿಂಭಾಗವನ್ನು ಮೆಲ್ಲನೆ ಒಯ್ದು ನೋಡಬೇಕು. ಎಲ್ಲವೂ ಒಂದೇ ಸಮನಾಗಿ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಬಿಡದೆ ಹಿಡಿದಿದೆ, ಇಲ್ಲವೇ ಬೇರಿಂಗಿಗೆ ಗ್ರೀಸು ಸಾಲದು. ಹಳೆಯ ಕಾಲದಲ್ಲಿ ಜಾತ್ರೆಗೆ ಗಾಡಿ ಹೂಡುವ ರೈತನು ಲಾಳವನ್ನೂ ಅಚ್ಚನ್ನೂ ನೋಡಿ, ಕೀಲೆಣ್ಣೆ ಹಾಕದೆ ಊರಬಾಗಿಲು ದಾಟುತ್ತಿರಲಿಲ್ಲ. ಅದೇ ಮನೆಯವರು ಈಗ ಲಾರಿಯ ಅಡಿಯಲ್ಲಿ ಬಗ್ಗಿ ನೋಡುವುದು ಡ್ರೈವರನ ಕೆಲಸವೆಂದು ಸುಮ್ಮನಿರುವುದು ಆಶ್ಚರ್ಯ.

ಉಳಿದ ಭಾಗಗಳ ವಿಚಾರದಲ್ಲಿ ಇಷ್ಟು ಹೇಳಿದರೆ ಸಾಕು. ರೇಡಿಯೇಟರಿನ ರಬ್ಬರು ಕೊಳವೆ ಉಬ್ಬಿದ್ದರೆ, ಫ್ಯಾನ್ ಬೆಲ್ಟಿನ ಒಳಮೈ ಸೀಳಿದ್ದರೆ, ಬದಲಾಯಿಸಿಬಿಡುವುದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಕಮಾನು ಪಟ್ಟಿಗಳಲ್ಲಿ ಮುರಿದದ್ದಿದೆಯೇ, ಅವನ್ನು ಅಚ್ಚಿಗೆ ಬಿಗಿದ ಬೋಲ್ಟುಗಳು ಭದ್ರವಾಗಿವೆಯೇ ಎಂದು ನೋಡುವುದು. ಒಬ್ಬನು ಸ್ಟೇರಿಂಗನ್ನು ಅತ್ತಿತ್ತ ಅಲುಗಿಸುವಾಗ ಇನ್ನೊಬ್ಬನು ಕೆಳಗಿನಿಂದ ಕೀಲುಗಳನ್ನು ಗಮನಿಸಿದರೆ ಸವೆದ ಕೀಲು ತಾನೇ ಕಾಣಿಸಿಕೊಳ್ಳುವುದು. ಹಿಂದಿನ ಕೆಂಪು ದೀಪಗಳು ಉರಿಯಬೇಕು. ಬಹಳ ಹಳೆಯ ಮಾದರಿಯ ಬಿಡಿಭಾಗಗಳು ದಾರಿಯ ಅಂಗಡಿಗಳಲ್ಲಿ ರಾತ್ರಿಯ ವೇಳೆ ದೊರೆಯುವುದಿಲ್ಲವಾದ ಕಾರಣ, ಬೆಲ್ಟು, ಕೊಳವೆ, ಡೀಸೆಲ್ ಫಿಲ್ಟರು, ಬ್ರೇಕಿನ ಗಾಳಿಪೈಪು, ಬಲ್ಬುಗಳನ್ನು ಜೊತೆಯಲ್ಲಿಯೇ ಕೊಟ್ಟು ಕಳುಹಿಸಬೇಕು. ಮರದ ಎರಡು ಬೆಣೆಗಳೂ ಇರಲಿ. ಬೆಣೆಯಿಲ್ಲದ ಲಾರಿಯವರು ಚಕ್ರಕ್ಕೆ ದಪ್ಪ ಕಲ್ಲನ್ನು ಕೊಟ್ಟು, ಹೊರಡುವಾಗ ಅದನ್ನು ರಸ್ತೆಯಲ್ಲಿಯೇ ಬಿಟ್ಟುಹೋಗುವರು. ಆ ಕಲ್ಲು ಆಮೇಲೆ ಕತ್ತಲಲ್ಲಿ ಬರುವ ಬೈಸಿಕಲ್ಲು, ಮೋಟಾರು ಸೈಕಲ್ಲುಗಳವರಿಗೆ ಮೃತ್ಯುವಾಗುವುದು.

ಇನ್ನು ಹೊರೆಯ ವಿಚಾರ. ಲಾರಿಯನ್ನು ಎಷ್ಟೇ ದುರಸ್ತಿ ಮಾಡಿಸಿದರೂ ಹೇರುವ ದಿನ ಅದೆಲ್ಲವನ್ನೂ ಕೆಡಿಸಿಬಿಡುವುದು ಸುಲಭ. 2018ನೆಯ ಇಸವಿಯಲ್ಲಿ ಎರಡು ಅಚ್ಚಿನ ಲಾರಿಗಳ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದ ಸಂಗತಿಯನ್ನು ಕೇಳಿದವರು, ತಮ್ಮ ಹಳೆಯ ಲಾರಿಯೂ ಅಷ್ಟನ್ನು ಹೊರಬಹುದೆಂದು ಭಾವಿಸಬಾರದು. ಆ ಲಾರಿಯ ಅಚ್ಚು, ಕಮಾನು, ಬ್ರೇಕುಗಳು ಹಳೆಯ ಲೆಕ್ಕಕ್ಕೆ ತಯಾರಾದುವು, ಅದರ ಆರ್.ಸಿ. ಪುಸ್ತಕದಲ್ಲಿ ಬರೆದ ತೂಕವೇ ಪ್ರಮಾಣ. ಬರಿಯ ಲಾರಿ 6 ಟನ್ ತೂಗಿ, ಪುಸ್ತಕದಲ್ಲಿ 16.2 ಟನ್ ಎಂದಿದ್ದರೆ, ಹೊರೆಗೆ ಉಳಿಯುವುದು 10.2 ಟನ್. ಆಳು, ಹಗ್ಗ, ಟಾರ್ಪಾಲುಗಳಿಗೆ ಕೊಂಚ ಬಿಟ್ಟರೆ 50 ಕಿಲೋ ತೂಕದ 200 ಚೀಲಗಳಾದುವು. ಹೊಲದಲ್ಲಿ ಕಣ್ಣಳತೆಯಿಂದ ತುಂಬಿದ ಚೀಲವು 60 ಕಿಲೋ ತೂಗುವುದು ಅಪರೂಪವಲ್ಲ. ಆಗ ಅದೇ 200 ಚೀಲಗಳು 12 ಟನ್ನಾಗಿ, ಯಾರಿಗೂ ತಿಳಿಯದಂತೆ ಸುಮಾರು ಎರಡು ಟನ್ ಹೆಚ್ಚು ಹೊರೆ ಘಾಟಿಗೆ ಇಳಿಯುವುದು. ಚೀಲಗಳನ್ನು ಎಣಿಸುವುದರಿಂದ ಆಗದು. ಹೇರಿದ ಲಾರಿಯನ್ನು ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿಯೇ ಕಳುಹಿಸಬೇಕು. 2019ರಲ್ಲಿ ತಿದ್ದಿದ ಮೋಟಾರು ವಾಹನಗಳ ಕಾಯಿದೆಯಂತೆ ಹೆಚ್ಚು ಹೊರೆಗೆ 20,000 ರೂಪಾಯಿಗಳ ದಂಡವನ್ನೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಗಳನ್ನೂ ವಿಧಿಸಬಹುದು. ಹೆಚ್ಚಿನ ಚೀಲಗಳನ್ನು ದಾರಿಯಲ್ಲಿ ಇಳಿಸಬೇಕಾದ ಖರ್ಚು ಬೇರೆ.

ಈರುಳ್ಳಿಯು ಉಸಿರಾಡುವ ಪದಾರ್ಥ. ಚೆನ್ನಾಗಿ ಒಣಗಿಸದೆ ತುಂಬಿದರೆ, ಅಥವಾ ಟಾರ್ಪಾಲಿನಿಂದ ಎಲ್ಲ ಕಡೆಯೂ ಬಿಗಿಯಾಗಿ ಮುಚ್ಚಿದರೆ, ಒಳಗೆ ಬೆವರಿ ಕೊಳೆಯಲಾರಂಭಿಸುವುದು. ಹಾಸನದವರೆಗೆ ಬಯಲ ಗಾಳಿ ಆಡುವಂತೆ ಪಕ್ಕಗಳನ್ನು ತೆರೆದಿಟ್ಟು, ಸಕಲೇಶಪುರದಲ್ಲಿ ಮೋಡ ಕಂಡರೆ ಮೇಲ್ಭಾಗವನ್ನು ಮುಚ್ಚಿ, ಹಿಂದಿನ ಹಲಗೆಯ ಬಳಿ ಗಾಳಿಗೆ ಎಡೆ ಬಿಡುವುದು ಉತ್ತಮ. ಮಲೆನಾಡಿನ ಮಳೆಯು ಬಯಲುಸೀಮೆಯ ಪಂಚಾಂಗವನ್ನು ನೋಡಿ ಬರುವುದಿಲ್ಲ. 2018 ಮತ್ತು 2024ನೆಯ ಇಸವಿಗಳ ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿಯ ದಾರಿಯೇ ನಿಂತಿತ್ತು. ಹೊರಡುವ ದಿನ ಹಾಸನದ ಕಡೆಯವರನ್ನು ವಿಚಾರಿಸಿ ದಾರಿ ತೆರೆದಿರುವುದನ್ನು ತಿಳಿದ ಮೇಲೆಯೇ ಚೀಲಗಳನ್ನು ಹೇರಿಸತಕ್ಕದ್ದು.

ಚೀಲಗಳ ಮೇಲೆ ಕೂಲಿಯಾಳುಗಳನ್ನೂ ನೆಂಟರನ್ನೂ ಕೂರಿಸಿ ಕಳುಹಿಸುವ ದುರಭ್ಯಾಸವು ಇನ್ನೂ ಹೋಗಿಲ್ಲ. ಸರಕಿನ ಒಡೆಯನಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಲಾರಿಯಲ್ಲಿ ಹೋದರೆ ವಿಮೆಯ ರಕ್ಷಣೆಯುಂಟೆಂದು 1994ನೆಯ ಇಸವಿಯ ತಿದ್ದುಪಡಿಯಿಂದ ಗೊತ್ತಾಗಿದೆ. ಸುಮ್ಮನೆ ಹತ್ತಿಕೊಂಡವರಿಗೆ ಆ ರಕ್ಷಣೆಯಿಲ್ಲ. ಅಪಘಾತವಾದರೆ ಪರಿಹಾರದ ಭಾರವು ಲಾರಿಯ ಒಡೆಯನ ಜಮೀನಿನ ಮೇಲೆ ಬೀಳಬಹುದು. ಎಂಟು ವರ್ಷ ಮೀರಿದ ಲಾರಿಗೆ ಎಫ್.ಸಿ. ಪತ್ರವನ್ನು ಪ್ರತಿವರ್ಷವೂ ನವೀಕರಿಸಬೇಕು. ಅದರ ಗಡುವನ್ನೂ, ವಿಮೆಯ ಗಡುವನ್ನೂ, ಡ್ರೈವರನ ಲೈಸೆನ್ಸನ್ನೂ ಒಡೆಯನು ಕಣ್ಣಾರೆ ಓದತಕ್ಕದ್ದು. ಆದರೆ ಎಫ್.ಸಿ. ಪತ್ರವು ಪರೀಕ್ಷೆ ನಡೆದ ದಿನದ ಸ್ಥಿತಿಯನ್ನು ಹೇಳುವುದೇ ಹೊರತು, ಹತ್ತು ತಿಂಗಳ ತರುವಾಯದ ಲೈನರಿನ ಸ್ಥಿತಿಯನ್ನು ಹೇಳದು.

ಡ್ರೈವರನ ವಿಷಯದಲ್ಲಿ ಒಡೆಯರು ಮಾಡುವ ತಪ್ಪು ದೊಡ್ಡದು. ಹಗಲೆಲ್ಲ ಚೀಲ ಹೇರುವುದರಲ್ಲಿ ಅವನನ್ನು ನಿಲ್ಲಿಸಿಕೊಂಡು, ಸಂಜೆ ಹೊರಡಿಸಿ, ಬೆಳಗಿನ ಮಾರಾಟಕ್ಕೆ ಮಂಗಳೂರು ಮುಟ್ಟಬೇಕೆಂದು ಆಜ್ಞೆ ಮಾಡುವರು. ಈ ಲೆಕ್ಕದಂತೆ ಅವನು ಘಾಟಿಗೆ ಬರುವುದು ನಿದ್ರೆಯ ಒತ್ತಡ ಹೆಚ್ಚಾಗಿರುವ ಅಪರಾತ್ರಿಯಲ್ಲಿ. 1961ನೆಯ ಇಸವಿಯ ಮೋಟಾರು ಸಾಗಣೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆಗಳ ಕೆಲಸವನ್ನೂ, ಐದು ಗಂಟೆಗಳಾದ ಮೇಲೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಗೊತ್ತುಮಾಡಿತ್ತು. ಹೇರುವ ದಿನದ ದುಡಿಮೆಯು ಅದಕ್ಕೆ ಸೇರದೆಂದು ಒಡೆಯರು ತಾವೇ ತೀರ್ಮಾನಿಸಿಕೊಂಡಂತೆ ಕಾಣುತ್ತದೆ. ಡ್ರೈವರನನ್ನು ಮಧ್ಯಾಹ್ನ ಮಲಗಗೊಟ್ಟು, ಸಕಲೇಶಪುರದಲ್ಲಿ ಲಾರಿ ನಿಲ್ಲಿಸಿ ಬೆಳಕು ಹರಿದ ಮೇಲೆ ಇಳಿಯುವಂತೆ ಹೇಳಿದರೆ, ಒಂದು ದಿನದ ಮಾರಾಟ ತಪ್ಪಬಹುದು. ಇಳಿಯುವುದಕ್ಕೆ ಮೊದಲು ಅವನು ನಟ್ಟುಗಳನ್ನೂ ಹಗ್ಗಗಳನ್ನೂ ಇನ್ನೊಮ್ಮೆ ಬಿಗಿದು, ಗಾಳಿಯ ಮುಳ್ಳನ್ನು ನೋಡಿ, ಇಳಿಜಾರು ಆರಂಭವಾಗುವುದಕ್ಕೆ ಮುಂಚೆಯೇ ಕೆಳಗಿನ ಗೇರಿಗೆ ತರಬೇಕು. ಇಳಿಯಲಾರಂಭಿಸಿದ ಮೇಲೆ ಗೇರು ಬದಲಾಯಿಸಲು ಹೋಗಿ ಅದು ಬೀಳದೆ ಹೋದರೆ ಲಾರಿಯು ನ್ಯೂಟ್ರಲಿನಲ್ಲಿ ಉಳಿದಂತೆಯೇ.

ಹೇರುವ ಸ್ಥಳದಲ್ಲಿ ‘ಇನ್ನು ಚೀಲ ಬೇಡ’ ಎಂದು ಹೇಳುವ ಅಧಿಕಾರವನ್ನೂ ಡ್ರೈವರನಿಗೆ ಹತ್ತು ಜನರ ಮುಂದೆ ಕೊಟ್ಟಿರಬೇಕು. ನಾಲ್ಕಾರು ಮಂದಿ ಪಾಲುದಾರರಿರುವ ಲಾರಿಯಲ್ಲಿ ಇದು ಇನ್ನೂ ಅಗತ್ಯ; ಪ್ರತಿಯೊಬ್ಬನೂ ತನ್ನ ಐದು ಚೀಲಗಳಿಂದ ಏನಾದೀತೆಂದು ಕೇಳುವನು. ಅಲ್ಲಿ ಗ್ರಾಮದ ಮುಖಂಡರು ನಿಂತು ತೂಕದ ಚೀಟಿಯನ್ನು ಎಲ್ಲರಿಗೂ ಓದಿ ಹೇಳಿದರೆ ಜಗಳವು ಅಲ್ಲಿಯೇ ತೀರುವುದು.

ಲಾರಿ ಹಿಂದಿರುಗಿದ ದಿನ ಡ್ರೈವರನು ಮನೆಗೆ ಹೋಗುವುದಕ್ಕೆ ಮೊದಲು, ದಾರಿಯಲ್ಲಿ ಕಂಡುದನ್ನು ಒಂದು ಪುಸ್ತಕದಲ್ಲಿ ಬರೆಯಿಸಿಡಬೇಕು: ಯಾವ ಚಕ್ರ ಕಾದಿತು, ಎಲ್ಲಿ ನೀರು ಹಾಕಿದನು, ಪೆಡಲು ಎಷ್ಟು ಕೆಳಗಿಳಿಯಿತು. ಮುಂದಿನ ಹೊರೆಗೆ ಮೇಸ್ತ್ರಿಯನ್ನು ಕರೆಸುವಾಗ ಮೊದಲು ತೋರಿಸತಕ್ಕದ್ದು ಆ ಪುಸ್ತಕವನ್ನೇ.