ಬೆಲೆಯನ್ನು ಕಿವಿಯು ಬಲ್ಲುದೆ?

ಸಂಗೀತವನ್ನು ಕೇಳುವ ಯಂತ್ರವನ್ನು ಕೊಳ್ಳಲು ಉಡುಪಿಯ ಪೇಟೆಗೆ ಹೊರಟ ಗೃಹಸ್ಥನಿಗೆ, “ಈ ಆಂಪ್ಲಿಫಯರಿನ ನಾದವೇ ಬೇರೆ” ಎಂಬ ಮಾತು ಕಿವಿಗೆ ಬೀಳದಿರದು. ಬೆಲೆಯು ಹತ್ತು ಮಡಿಯಾದರೆ ಇಂಪೂ ಹೆಚ್ಚುವುದೆ? ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣವು ಇಂತಹ ಮಾತಿಗೆ ಮರುಳಾಗಿ ವೆಚ್ಚವಾಗಬಹುದಾದುದರಿಂದ, ಇದನ್ನು ವಿಚಾರಿಸಿ ನೋಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕ್ಷೀಣವಾದ ವಿದ್ಯುತ್ ಸಂಕೇತವನ್ನು, ಅದರ ರೂಪವನ್ನು ಕೆಡಿಸದೆ, ಸ್ಪೀಕರನ್ನು ನುಡಿಸುವಷ್ಟು ಬಲಗೊಳಿಸುವುದೇ ಆಂಪ್ಲಿಫಯರಿನ ಕೆಲಸ. ತನ್ನದೆಂದು ಏನನ್ನೂ ಬೆರೆಸದಿರುವುದೇ ಅದರ ಗುಣ. ಹಾಗಿದ್ದಲ್ಲಿ ಉತ್ತಮವಾದ ಎರಡು ಯಂತ್ರಗಳು ಒಂದೇ ತೆರನಾಗಿ ನುಡಿಯಬೇಕಷ್ಟೆ.

ಮಣಿಪಾಲದ ವೈದ್ಯ ವಿದ್ಯಾರ್ಥಿಗಳು ಬಲ್ಲ ನಿಯಮವೊಂದುಂಟು: ಔಷಧದ ಗುಣವನ್ನು ಪರೀಕ್ಷಿಸುವಾಗ, ಕೊಡುವವನಿಗೂ ಕೊಳ್ಳುವವನಿಗೂ ಅದು ನಿಜವಾದ ಮದ್ದೋ ಬರಿಯ ಸಕ್ಕರೆಯೋ ತಿಳಿದಿರಕೂಡದು. ಕಿವಿಯ ಪರೀಕ್ಷೆಗೂ ಇದೇ ನ್ಯಾಯ. 1987ರಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆಯು ಸುಮಾರು 200 ಡಾಲರಿನಿಂದ 12,000 ಡಾಲರಿನವರೆಗಿನ ಆರು ಯಂತ್ರಗಳನ್ನು 25 ಮಂದಿಗೆ ಹೀಗೆ ಮರೆಯಿಂದ ಕೇಳಿಸಿತು. ಸರಿಯುತ್ತರಗಳು ಸುಮಾರು ಅರ್ಧ. ನಾಣ್ಯವನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು!

ಆದರೆ ಭೇದವೇ ಇಲ್ಲವೆನ್ನಲಾಗದು. ಕಾರ್ಕಳದ ಬಯಲಿನಲ್ಲಿ ಯಕ್ಷಗಾನದ ಚೆಂಡೆಯನ್ನು ದೂರಕ್ಕೆ ಮುಟ್ಟಿಸಲು ಶಕ್ತಿ ಸಾಲದ ಯಂತ್ರವನ್ನು ಹಚ್ಚಿದರೆ, ಅದು ತನ್ನ ಮಿತಿಯನ್ನು ಮೀರಿ ನಾದವನ್ನು ಒಡೆಯುವುದು. ಕೆಲವು ವಾಲ್ವ್ ಯಂತ್ರಗಳು ಸ್ಪೀಕರಿಗೆ ತಕ್ಕಂತೆ ನಾದದ ಬಣ್ಣವನ್ನು ಬದಲಿಸುವುದೂ ಉಂಟು. ಇಂತಹವನ್ನು ಕಿವಿಯು ಕಂಡುಹಿಡಿಯಬಲ್ಲುದು. ಅತಿ ಸೂಕ್ಷ್ಮವಾದ ಭೇದವಾದರೋ ಕಾಪುವಿನ ಕಡಲತಡಿಯ ಮನೆಯಲ್ಲಿ ತೆರೆಗಳ ಮೊರೆತದೊಳಗೇ ಅಡಗಿಹೋದೀತು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ಹಿರಿಯರು ಹೇಳಿಲ್ಲವೆ? ಪರೀಕ್ಷಿಸಬಯಸುವವರು ಮೊದಲು ಎರಡೂ ಯಂತ್ರಗಳ ಧ್ವನಿಯನ್ನು ಸಮನಾಗಿಸತಕ್ಕದ್ದು. ತುಸು ಗಟ್ಟಿಯಾಗಿ ನುಡಿಯುವುದೇ ಇಂಪೆಂದು ಮನಸ್ಸು ಮೋಸಹೋಗುವುದರಿಂದ, ಕಿವಿಯನ್ನು ನಂಬದೆ, ಸ್ಪೀಕರಿನ ತುದಿಗಳಲ್ಲಿ ವೋಲ್ಟ್ ಮೀಟರಿಟ್ಟು ನೂರಕ್ಕೆ ಒಂದರಷ್ಟೂ ಅಂತರವಿಲ್ಲದಂತೆ ಹೊಂದಿಸಬೇಕು. ಬಳಿಕ ಮತ್ತೊಬ್ಬರು ತೆರೆಯ ಮರೆಯಲ್ಲಿ, ನಾಣ್ಯ ಚಿಮ್ಮಿ ಬಂದಂತೆ, ಹತ್ತು ಬಾರಿ ಯಂತ್ರವನ್ನು ನುಡಿಸಲಿ; ಯಾವುದೆಂದು ನೀವು ಹೇಳಿರಿ. ಬರಿಯ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವುದು ಸುಮಾರು ನೂರರಲ್ಲಿ ಒಂದು ಸಲ ಮಾತ್ರ. ಐದಾರು ಸರಿಯಾದರೆ ಅದು ಗುರುತಿಸಿದಂತಲ್ಲ.

ಆದುದರಿಂದ ಕೋಣೆಗೆ ಸಾಲುವಷ್ಟು ಶಕ್ತಿಯುಳ್ಳ, ದೋಷವಿಲ್ಲದ ಆಂಪ್ಲಿಫಯರನ್ನು ಕೊಂಡು, ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ವಿನಿಯೋಗಿಸುವುದು ಲೇಸು. ಸ್ಪೀಕರುಗಳ ಭೇದವನ್ನು ಸಾಮಾನ್ಯರ ಕಿವಿಯೂ ಸುಲಭವಾಗಿ ಬಲ್ಲುದು.